ಅಳಿವೆಯ ನೀರಿಗೆ ಸತುವಿನ ಆನೋಡೋ, ಅಲ್ಯುಮಿನಿಯಂ ಆನೋಡೋ?

ಸಣ್ಣ ಮೋಟಾರು ದೋಣಿಯ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ನೀರೊಳಗೆ ಇಳಿದಿರುವ ಕಾಲು ಅಲ್ಯುಮಿನಿಯಂ ಮಿಶ್ರಲೋಹದ್ದು, ಪ್ರೊಪೆಲ್ಲರ್ ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದು. ಒಂದಕ್ಕೊಂದು ತಾಗಿಕೊಂಡಿರುವ ಈ ಎರಡು ಲೋಹಗಳು ಉಪ್ಪುನೀರಿನಲ್ಲಿ ನಿಂತರೆ ಅಲ್ಲೊಂದು ಬ್ಯಾಟರಿ ಏರ್ಪಟ್ಟು ಅಲ್ಯುಮಿನಿಯಂ ಸವೆಯತೊಡಗುತ್ತದೆ. ಅದಕ್ಕೆ ಬದಲಾಗಿ ತಾನೇ ಸವೆಯಲಿ ಎಂದು ಜೋಡಿಸುವ ಲೋಹದ ತುಂಡೇ ಆನೋಡ್. ಯುದ್ಧನೌಕೆಗಳ ತಳದ ತಾಮ್ರದ ಹೊದಿಕೆಯನ್ನು ಸತು ಅಥವಾ ಕಬ್ಬಿಣದ ತುಂಡುಗಳಿಂದ ಕಾಪಾಡಬಹುದೆಂದು ಹಂಫ್ರಿ ಡೇವಿ 1824ರಲ್ಲೇ ತೋರಿಸಿದ್ದರು. ತತ್ತ್ವ ಅಂದಿನಿಂದ ಬದಲಾಗಿಲ್ಲ. ಯಾವ ನೀರಿಗೆ ಯಾವ ಲೋಹ ಎಂಬುದಷ್ಟೇ ತೀರ್ಮಾನಿಸಬೇಕಾದ ವಿಷಯ.

ನಮ್ಮ ದೋಣಿ ನಿಲ್ಲುವುದು ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಬಳಿ, ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯ ಒಳಭಾಗದಲ್ಲಿ. ಮಳೆಗಾಲದಲ್ಲಿ ಇಲ್ಲಿನ ನೀರು ಬಹುಮಟ್ಟಿಗೆ ಸಿಹಿ. ಮಾರ್ಚ್ ತಿಂಗಳ ಹೊತ್ತಿಗೆ ಉಬ್ಬರದೊಂದಿಗೆ ಉಪ್ಪುನೀರು ನದಿಯೊಳಗೆ ಬಹುದೂರ ಏರುತ್ತದೆ. ಒಂದೇ ಕಟ್ಟೆಗೆ ಕಟ್ಟುವ, ಒಂದೇ ಅಶ್ವಶಕ್ತಿಯ ಎಂಜಿನ್ನಿರುವ ಎರಡು ಫೈಬರ್ ದೋಣಿಗಳಲ್ಲಿ ನೆರೆಯವರದಕ್ಕೆ ಸತುವಿನ ಆನೋಡನ್ನೂ ನಮ್ಮದಕ್ಕೆ ಅಲ್ಯುಮಿನಿಯಂ ಆನೋಡನ್ನೂ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹಾಕಿ, ಬೇಸಿಗೆ ಮುಗಿಯುವವರೆಗೂ ಹೋಲಿಸಿ ನೋಡಿದೆವು.

ಹೊರನೋಟಕ್ಕೆ ಗೆದ್ದದ್ದು ಸತು. ಜನವರಿಯಲ್ಲಿ ಎಂಜಿನ್ ಎತ್ತಿದಾಗ ಅದರ ಅಂಚುಗಳು ಇನ್ನೂ ಹರಿತವಾಗಿದ್ದವು. ನಮ್ಮ ಅಲ್ಯುಮಿನಿಯಂ ತುಂಡಾದರೋ ಮೈಯೆಲ್ಲ ಸಣ್ಣ ಸಣ್ಣ ಗುಳಿಬಿದ್ದು ಒರಟಾಗಿತ್ತು. ಆದರೆ ಹತ್ತಿರದಿಂದ ನೋಡಿದಾಗ ಸತುವಿನ ಮೇಲೆ ಬೂದುಬಿಳಿ ಬಣ್ಣದ ಗಟ್ಟಿ ಪೊರೆಯೊಂದು ಕೂತಿತ್ತು, ಉಗುರಿನಿಂದ ಕೆರೆದರೆ ಏಳುತ್ತಿರಲಿಲ್ಲ. ಅದೇ ಎಂಜಿನ್ನಿನ ಗೇರ್‌ಕೇಸಿನಲ್ಲಿ, ಶಾಫ್ಟ್ ಹೊರಬರುವ ಜಾಗದ ಸುತ್ತ, ಬಣ್ಣ ಗುಳ್ಳೆಯೆದ್ದಿತ್ತು. ಗುಳ್ಳೆಯನ್ನು ಒಡೆದರೆ ಒಳಗೆ ಬಿಳಿ ಪುಡಿ, ಅದನ್ನು ಒರೆಸಿದರೆ ಸೂಜಿಮೊನೆಯಷ್ಟು ಹೊಂಡಗಳು. ಸಿಹಿನೀರಿನಲ್ಲಿ ಸತುವಿನ ಮೇಲೆ ಕಟ್ಟುವ ಈ ಪೊರೆ ವಿದ್ಯುತ್ತಿನ ಹರಿವಿಗೆ ಅಡ್ಡಗೋಡೆಯಾಗುತ್ತದೆ, ಮತ್ತು ನೀರು ಪುನಃ ಉಪ್ಪಾದ ಮೇಲೂ ಅದು ತಾನಾಗಿ ಕಳಚಿಕೊಳ್ಳುವುದಿಲ್ಲ. ಹಾಗಾಗಿ ಸವೆಯದೆ ಉಳಿದ ಆನೋಡನ್ನು ಕಂಡು ಬಾಳಿಕೆ ಚೆನ್ನಾಗಿದೆ ಎಂದು ಸಮಾಧಾನಪಡುವುದು ಅಪಾಯಕರ. ಅದು ಕೆಲಸವನ್ನೇ ಮಾಡುತ್ತಿಲ್ಲ ಎಂಬುದಕ್ಕೆ ಅದೇ ಗುರುತಾಗಿರಬಹುದು.

ಕಣ್ಣಿನ ಅಂದಾಜನ್ನು ಮಾತ್ರ ನಂಬದೆ ಮಲ್ಟಿಮೀಟರಿಗೆ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ಹೋಲಿಕೆಗೆಂದು ನೀರಿಗಿಳಿಸುವ ಅಳತೆಯ ಕಡ್ಡಿ) ಜೋಡಿಸಿ ಎಂಜಿನ್ನಿನ ಕಾಲಿನ ವೋಲ್ಟೇಜನ್ನೂ ಅಳೆದೆವು. ನೀರಿನ ಉಪ್ಪಿನಂಶ ಬದಲಾದರೆ ಈ ಎಲೆಕ್ಟ್ರೋಡಿನ ಅಳತೆಯೂ ಬದಲಾಗುವುದರಿಂದ, ಎರಡು ದೋಣಿಗಳನ್ನೂ ಒಂದೇ ಜಾಗದಲ್ಲಿ, ಉಬ್ಬರ ತುಂಬಿದ ಹೊತ್ತಿನಲ್ಲಿ, ಒಂದರ ಬೆನ್ನಿಗೆ ಇನ್ನೊಂದನ್ನು ಅಳೆಯುವುದು ಅಗತ್ಯ. ಆನೋಡ್ ಇಲ್ಲದಾಗ ತೋರಿಸುವುದಕ್ಕಿಂತ ಕನಿಷ್ಠ 200 ಮಿಲಿವೋಲ್ಟ್ ಹೆಚ್ಚು ಋಣಾತ್ಮಕವಾದ ಅಂಕಿ ಕಂಡರೆ ರಕ್ಷಣೆ ಸಾಕಷ್ಟಿದೆ ಎಂದು ಲೆಕ್ಕ. ನಮ್ಮ ಎಂಜಿನ್ ಆ ಗೆರೆಯನ್ನು ಸುಲಭವಾಗಿ ದಾಟಿತು; ಪೊರೆ ಕಟ್ಟಿದ ಸತುವಿನ ಎಂಜಿನ್ ದಾಟಲಿಲ್ಲ. ಸತುವನ್ನು ಮರಳು ಕಾಗದದಿಂದ ಹೊಳೆಯುವಷ್ಟು ಉಜ್ಜಿದ ಮೇಲೆ ಅದೂ ದಾಟಿತು. ಆದ್ದರಿಂದ ವರ್ಷವಿಡೀ ಕಡಲಿನಲ್ಲೇ ಇರುವ ದೋಣಿಗೆ ಸತುವನ್ನು ಕೆಟ್ಟದ್ದೆಂದು ನಾನು ಹೇಳಲಾರೆ.

ಇತರ ಲೆಕ್ಕಗಳೂ ಅಲ್ಯುಮಿನಿಯಂ ಕಡೆಗೇ ವಾಲುತ್ತವೆ. ಕಿಲೋ ಒಂದಕ್ಕೆ ಸತು ಸುಮಾರು 780 ಆಂಪಿಯರ್-ಗಂಟೆಯಷ್ಟು ವಿದ್ಯುತ್ತು ಕೊಟ್ಟರೆ ಅಲ್ಯುಮಿನಿಯಂ ಆನೋಡ್ 2500ರ ಆಸುಪಾಸು ಕೊಡುತ್ತದೆ. ಸತುವಿನ ಆನೋಡಿನಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಬೆರೆತಿರುತ್ತದೆ. ಜನ ಇಳಿತದ ಹೊತ್ತಿಗೆ ಮರುವಾಯಿ ಹೆಕ್ಕಿ ಊಟಕ್ಕೆ ಒಯ್ಯುವ ನದಿಯಲ್ಲಿ ಅದು ಎಷ್ಟೇ ಕಡಿಮೆಯಿದ್ದರೂ ಬೇಡವೆಂದೇ ನನ್ನ ಅಭಿಪ್ರಾಯ.

ಅಲ್ಯುಮಿನಿಯಂ ಎಂದ ಮಾತ್ರಕ್ಕೆ ಯಾವ ತುಂಡೂ ಆಗಬಹುದೆಂದಲ್ಲ. ಒಳ್ಳೆಯ ಆನೋಡಿನಲ್ಲಿ ಶೇಕಡಾ 5ರಷ್ಟು ಸತುವೂ ಅತ್ಯಲ್ಪ ಇಂಡಿಯಂ ಕೂಡ ಇರುತ್ತವೆ. ಇಂಡಿಯಂ ಇಲ್ಲದಿದ್ದರೆ ಅಲ್ಯುಮಿನಿಯಂ ತನ್ನದೇ ಆಕ್ಸೈಡಿನ ಪೊರೆಯಡಿ ಅಡಗಿ ನಿಷ್ಕ್ರಿಯವಾಗುತ್ತದೆ. ಗುಜರಿ ಕರಗಿಸಿ ಎರಕ ಹೊಯ್ದ ಅಗ್ಗದ ತುಂಡನ್ನು ಕೊಳ್ಳುವ ಮೊದಲು, ಬಕೆಟ್ಟಿನಷ್ಟು ಕಡಲ ನೀರಿನಲ್ಲಿ ಅದೇ ಎಲೆಕ್ಟ್ರೋಡಿನಿಂದ ಅಳೆದು, ಮೈನಸ್ 1.1 ವೋಲ್ಟಿನ ಹತ್ತಿರ ಬರುತ್ತದೆಯೇ ಎಂದು ಪರೀಕ್ಷಿಸಬಹುದು.

ಮೆಗ್ನೀಸಿಯಂ ಆನೋಡ್ ಲಿಂಗನಮಕ್ಕಿಯಂಥ ಸಿಹಿನೀರಿನ ಜಲಾಶಯದ ದೋಣಿಗೆ ತಕ್ಕದ್ದು. ಉಪ್ಪುನೀರಿನಲ್ಲಿ ಅದು ಬೇಗನೆ ಕರಗಿಹೋಗುವುದಲ್ಲದೆ, ಅತಿಯಾದ ವೋಲ್ಟೇಜಿನಿಂದ ಕಾಲಿನ ಬಣ್ಣವನ್ನೂ ಎಬ್ಬಿಸಬಲ್ಲದು. ಆದ ಕಾರಣ ಅದನ್ನು ನಮ್ಮ ಹೋಲಿಕೆಗೆ ಸೇರಿಸಲಿಲ್ಲ.

ಯಾವುದನ್ನೇ ಆರಿಸಿದರೂ ಬೋಲ್ಟ್ ಕೂರುವ ಜಾಗದ ಬಣ್ಣವನ್ನು ಕೆರೆದು ಲೋಹಕ್ಕೆ ಲೋಹ ತಾಗಿಸಬೇಕು, ಆನೋಡಿಗೆ ಬಣ್ಣ ಬಳಿಯಬಾರದು, ಅರ್ಧದಷ್ಟು ಸವೆದೊಡನೆ ಬದಲಿಸಬೇಕು. ಒಂದೇ ಎಂಜಿನ್ನಿನಲ್ಲಿ ಎರಡು ಬಗೆಯವನ್ನು ಬೆರೆಸುವುದೂ ಸಲ್ಲದು, ಏಕೆಂದರೆ ಅಲ್ಯುಮಿನಿಯಂ ಆನೋಡ್ ಆಗ ಎಂಜಿನ್ನಿನ ಜೊತೆಗೆ ಸತುವನ್ನೂ ಕಾಪಾಡುತ್ತಾ ವ್ಯರ್ಥವಾಗಿ ಸವೆಯುತ್ತದೆ. ನೆರೆಯವರು ಈ ಸಲ ಎಂಜಿನ್ನನ್ನು ದೋಣಿಗೆ ಹಿಡಿಸುವ ಟ್ರಾನ್ಸಮ್ ಬ್ರಾಕೆಟ್ಟಿನ ಕೆಳಗಿನ ಆನೋಡ್ ಪಟ್ಟಿಯನ್ನೂ ಪ್ರೊಪೆಲ್ಲರಿನ ಮೇಲೆ ಆನೋಡ್ ಆಗಿರುವ ಪುಟ್ಟ ರೆಕ್ಕೆಯಾದ ಟ್ರಿಮ್ ಟ್ಯಾಬನ್ನೂ ಒಟ್ಟಿಗೇ ಅಲ್ಯುಮಿನಿಯಂಗೆ ಬದಲಾಯಿಸಿದ್ದಾರೆ.