ಕಾರವಾರಕ್ಕೆ ಬಂದ ಕಪ್ಪು ಕಿಮೋನೊ

ಹಳೆಯ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಅಂಗಡಿಯೊಂದರಿಂದ 9,500 ರೂಪಾಯಿಗೆ ತರಿಸಿಕೊಂಡ ಜಪಾನಿನ ರೇಷ್ಮೆಯ ನಿಲುವಂಗಿ, ಅಂದರೆ ಕಿಮೋನೊ, ಹದಿನೆಂಟು ದಿನಗಳ ನಂತರ ಕಾರವಾರದ ನಮ್ಮ ಮನೆ ತಲುಪಿತು. ಇದು ಕುರೊತೊಮೆಸೊದೆ, ಅಂದರೆ ಮದುವೆಯಾದ ಹೆಂಗಸರು ಹತ್ತಿರದ ಬಂಧುಗಳ ಮದುವೆಯಲ್ಲಿ ತೊಡುವ ಕಪ್ಪು ಕಿಮೋನೊ. ಶುಭಕಾರ್ಯಕ್ಕೆ ಕಪ್ಪು ಬಣ್ಣವೇ ಎಂದು ನಮ್ಮ ಅತ್ತೆಯವರು ಮುಖ ಸಿಂಡರಿಸಿದರು. ಜಪಾನಿನಲ್ಲಿ ಇದೇ ಅತ್ಯಂತ ಗೌರವದ ಉಡುಪೆಂದು ಅವರನ್ನು ಒಪ್ಪಿಸಲು ಬಿದಿರಿನ ಗಳಕ್ಕೆ ತೋಳುಗಳನ್ನು ತೂರಿಸಿ, ಪೂರ್ತಿ ಬಿಡಿಸಿ ತೋರಿಸಬೇಕಾಯಿತು.

ಸೊಂಟದಿಂದ ಮೇಲಕ್ಕೆ ಚಿತ್ರವೇ ಇಲ್ಲ. ಬೆನ್ನಿಗೆ ಒಂದು, ಎದೆಗೆ ಎರಡು, ತೋಳುಗಳ ಹಿಂಬದಿಗೆ ಎರಡು, ಹೀಗೆ ಐದು ಕಡೆ ಮನೆತನದ ಬಿಳಿಯ ಲಾಂಛನ ಮಾತ್ರ. ಬಣ್ಣವೆಲ್ಲ ಕೆಳಗಂಚಿನಲ್ಲಿದೆ. ಅಲ್ಲಿ ಹಾರುವ ಕ್ರೌಂಚಗಳು ಸಾವಿರ ವರ್ಷದ ಆಯುಷ್ಯವನ್ನು ಹಾರೈಸಿದರೆ, ಚಳಿಗಾಲದಲ್ಲೂ ಹಸಿರಾಗಿರುವ ಪೈನ್ ಮತ್ತು ಬಿದಿರು, ಹಿಮ ಕರಗುವ ಮುನ್ನವೇ ಅರಳುವ ಪ್ಲಮ್ ಹೂವು, ಈ ಮೂರೂ ಸೇರಿ ಕಷ್ಟದಲ್ಲಿ ಬಾಡದ ಬಾಳನ್ನು ಸೂಚಿಸುತ್ತವೆ. ಇಂಥ ಚಿತ್ರ ಬರೆಯುವ ಯೂಜೆನ್ ಎಂಬ ಜಪಾನಿ ವಿಧಾನದಲ್ಲಿ ಬಣ್ಣಗಳು ಒಂದರೊಳಗೊಂದು ಹರಡದಂತೆ ಅಕ್ಕಿಯ ಅಂಟಿನಿಂದ ಸಣ್ಣ ಗೆರೆ ಎಳೆಯುತ್ತಾರೆ. ಸಿದ್ದಾಪುರದ ಕಡೆಯ ದೀವರ ಸಮುದಾಯದವರು ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಅಕ್ಕಿಯ ಹಿಟ್ಟೇ ಬಿಳಿ ಗೆರೆಯಾಗಿ ನಿಲ್ಲುತ್ತದೆ. ಯೂಜೆನ್‌ನಲ್ಲಿ ಅಂಟು ತೊಳೆದುಹೋಗಿ, ಅದು ಕಾಪಾಡಿದ ಬಿಳುಪು ಉಳಿಯುತ್ತದೆ. ಎರಡೂ ಮದುವೆಗೆ ಒದಗುವ ಕಲೆ ಎಂಬುದು ನನಗೆ ಬಹಳ ಹಿಡಿಸಿತು.

ಕಿಮೋನೊವನ್ನು ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದೇ ಥಾನಿನಿಂದ ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಚಿತ್ರ ಹೊಂದಿಕೊಳ್ಳಲೆಂದು ಬಿಳಿ ಬಟ್ಟೆಯನ್ನು ಮೊದಲು ಹಗುರವಾಗಿ ಹೊಲಿದು, ನಕ್ಷೆ ಬರೆದು, ಹೊಲಿಗೆ ಬಿಚ್ಚಿ ಬಣ್ಣ ಹಾಕಿ, ಮತ್ತೆ ಹೊಲಿಯುತ್ತಾರೆ. ನನ್ನ ಕಿಮೋನೊದಲ್ಲಿ ಕ್ರೌಂಚದ ರೆಕ್ಕೆಯೊಂದು ಎರಡು ಪಟ್ಟಿಗಳ ಮೇಲೆ ಹಾದಿದ್ದರೂ ಒಂದು ಗರಿಯೂ ತಪ್ಪಿಲ್ಲ.

ಅಂಗಡಿಯವರ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ನೂರು ವರ್ಷ ಹಳೆಯದೆಂದು ಅವರು ಬರೆದಿದ್ದರು. ಎರಡನೇ ಮಹಾಯುದ್ಧಕ್ಕೂ ಹಿಂದೆ ಇಂಥ ಕಪ್ಪು ಕಿಮೋನೊದ ಒಳಗೆ ಬೇರೆಯೇ ಬಿಳಿ ಕಿಮೋನೊ ತೊಡುತ್ತಿದ್ದರು, ಆಮೇಲೆ ಅದರ ಅಂಚನ್ನಷ್ಟೇ ಒಳಗೆ ಹೊಲಿಯುವ ರೂಢಿ ಬಂತು. ನನ್ನದರಲ್ಲಿ ಇರುವುದು ಹೊಲಿದ ಅಂಚು; ಆದ್ದರಿಂದ ಅವರ ಲೆಕ್ಕ ನನಗೆ ಅನುಮಾನ. ಅದಕ್ಕಿಂತ ದೊಡ್ಡ ತಪ್ಪು ಅವರ ಫೋಟೊದಲ್ಲಿದೆ. ಗೊಂಬೆಗೆ ಬಲಮಗ್ಗುಲನ್ನು ಎಡದ ಮೇಲೆ ತಂದು ತೊಡಿಸಿದ್ದಾರೆ, ಜಪಾನಿನಲ್ಲಿ ಹಾಗೆ ತೊಡಿಸುವುದು ಶವಕ್ಕೆ ಮಾತ್ರ! ಒಳಪದರದಲ್ಲಿದ್ದ ಎರಡು ಕಂದು ಕಲೆಗಳನ್ನೂ ಅವರು ತಿಳಿಸಿರಲಿಲ್ಲ. ಕೊಳ್ಳುವವರು ಒಳಗಿನ ಫೋಟೊ ಕೇಳಿ ತರಿಸಿಕೊಳ್ಳುವುದು ಲೇಸು.

ಆದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ನಮ್ಮ ಕರಾವಳಿಯ ಥಂಡಿಗೆ ರೇಷ್ಮೆ ಬೂಷ್ಟು ಹಿಡಿಯುತ್ತದೆ. ಜಪಾನಿನವರೂ ಮಳೆಗಾಲ ಕಳೆದ ಮೇಲೆ ಕಿಮೋನೊಗಳನ್ನು ನೆರಳಿನಲ್ಲಿ ಗಾಳಿಗೆ ಹರವುತ್ತಾರೆ. ಈಗ ಅದು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಅತ್ತೆಯವರ ಧಾರೆ ಸೀರೆಯ ಪಕ್ಕದಲ್ಲಿದೆ. ದೀಪಾವಳಿಗೆ ಮೊದಲು ಎರಡನ್ನೂ ಒಟ್ಟಿಗೇ ಗಳಕ್ಕೆ ಹಾಕುವುದೆಂದು ಅವರೇ ಹೇಳಿದ್ದಾರೆ.