ನೂಲು ತೂಗುವ ಪುಟ್ಟ ತಕ್ಕಡಿ: ನಾಲ್ಕು ವರ್ಷ ಬಳಸಿದ ಮೇಲೆ

ಕ್ರೋಶಾ ಹಾಕುವವರಿಗೆ ಕಡ್ಡಿ, ಕತ್ತರಿ, ಅಳತೆಪಟ್ಟಿ ಇದ್ದರೆ ಸಾಕು ಎಂದೇ ನಾನೂ ನಂಬಿದ್ದೆ. ಅಂಗೈಯಗಲದ ಈ ಡಿಜಿಟಲ್ ತಕ್ಕಡಿಯನ್ನು ತರಿಸಿಕೊಂಡದ್ದು ಒಂದು ಸ್ಕಾರ್ಫ್ ಅರ್ಧಕ್ಕೆ ನಿಂತ ಬೇಸರದಲ್ಲಿ. ವಿನ್ಯಾಸ ನಾನೇ ರೂಪಿಸಿದ್ದು. ಇನ್ನೊಂದು ಗೇಣು ಉದ್ದ ಬಾಕಿ ಇರುವಾಗ ನೂಲು ಮುಗಿಯಿತು. ಅಷ್ಟರಲ್ಲಿ ಆ ನೂಲಿನ ತಯಾರಿಕೆಯೇ ನಿಂತುಹೋಗಿತ್ತು. ಎಷ್ಟು ನೂಲು ಬೇಕೆಂದು ಮೊದಲೇ ತಿಳಿಯುವ ದಾರಿ ನನಗೆ ಬೇಕಾಗಿತ್ತು.

ತಕ್ಕಡಿ 500 ಗ್ರಾಂವರೆಗೆ ತೂಗುತ್ತದೆ, 0.1 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಒಂದೊಂದು ಗ್ರಾಂ ಮಾತ್ರ ತೋರಿಸುವ ಅಡುಗೆಮನೆಯ ತಕ್ಕಡಿ ಯಾಕೆ ಸಾಲದು ಎಂಬುದಕ್ಕೆ ನನ್ನದೇ ಲೆಕ್ಕ ಕೊಡುತ್ತೇನೆ. 5.5 ಮಿ.ಮೀ. ಕಡ್ಡಿಯಲ್ಲಿ ಹಾಫ್ ಡಬಲ್ ಕ್ರೋಶಾ ಎಂಬ ಮಧ್ಯಮ ಎತ್ತರದ ಹೆಣಿಗೆಯ ಮಾದರಿ ತುಂಡೊಂದನ್ನು ಹೆಣೆದು, ತೊಳೆದು, ಒಣಗಿಸಿದೆ. 15 ಸೆಂ.ಮೀ. ಚೌಕದ ಆ ತುಂಡು 9.3 ಗ್ರಾಂ ತೂಗಿತು. ನನಗೆ ಬೇಕಾದ ಸ್ಕಾರ್ಫ್ 25 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ, ಅಂದರೆ ಅಂಥ ಇಪ್ಪತ್ತು ತುಂಡುಗಳಷ್ಟು. 186 ಗ್ರಾಂ ಬೇಕು ಎಂದಾಯಿತು. ಅಡುಗೆಮನೆಯ ತಕ್ಕಡಿಯಾಗಿದ್ದರೆ 9 ಎಂದು ತೋರಿಸುತ್ತಿತ್ತು. ಇಪ್ಪತ್ತರಿಂದ ಗುಣಿಸಿದಾಗ 6 ಗ್ರಾಂ ಕಡಿಮೆ. ಆ ನೂಲಿನಲ್ಲಿ 6 ಗ್ರಾಂ ಎಂದರೆ 13 ಮೀಟರ್. ಕೊನೆಯ ಸಾಲುಗಳಿಗೆ ಬೇಕಾಗುವುದು ಸರಿಯಾಗಿ ಅದೇ 13 ಮೀಟರ್.

ಬದಲಿ ನೂಲು ಹುಡುಕುವವರು ಇಲ್ಲೊಂದು ಮಾತನ್ನು ಗಮನಿಸಬೇಕು. ಗ್ರಾಂ ಲೆಕ್ಕವನ್ನು ಹಾಗೆಯೇ ಬೇರೆ ನೂಲಿಗೆ ಹೊತ್ತೊಯ್ಯಬಾರದು, ಮೀಟರಿಗೆ ತಿರುಗಿಸಿಕೊಳ್ಳಬೇಕು. ನನ್ನ ಉಣ್ಣೆ 100 ಗ್ರಾಂಗೆ 220 ಮೀಟರ್ ಇತ್ತು. ಹಾಗಾಗಿ 186 ಗ್ರಾಂ ಎಂದರೆ ಸುಮಾರು 409 ಮೀಟರ್. 50 ಗ್ರಾಂಗೆ 105 ಮೀಟರ್ ಬರುವ ಉಂಡೆಗಳಾದರೆ ನಾಲ್ಕರಲ್ಲಿ 420 ಮೀಟರ್ ಆಗುತ್ತದೆ. ಲೆಕ್ಕಕ್ಕೆ ಸಾಕು, ನೆಮ್ಮದಿಗೆ ಸಾಲದು, ಐದು ತೆಗೆದುಕೊಳ್ಳಿ.

ಆದರೆ ಮೀಟರ್ ಹೊಂದಿದ ಮಾತ್ರಕ್ಕೆ ನೂಲು ಹೊಂದಿತು ಎಂದಲ್ಲ. ಇದನ್ನು ಕಲಿಯಲು ನನಗೆ ಒಂದು ಪೂರ್ತಿ ಸ್ಕಾರ್ಫ್ ಬೇಕಾಯಿತು. ಎರಡನೆಯ ವರ್ಷ 100 ಗ್ರಾಂಗೆ 220 ಮೀಟರಿನ ಹತ್ತಿಯನ್ನೇ ಹುಡುಕಿ ತಂದೆ. ಅಂಕಿ ಅದೇ, ಕಡ್ಡಿ ಅದೇ, ವಿನ್ಯಾಸವೂ ಅದೇ. ಬಟ್ಟೆ ಮಾತ್ರ ಬಲೆಯಂತಾಯಿತು. ಕಾರಣ ಎಳೆಯ ಸಾಂದ್ರತೆಯಲ್ಲಿದೆ: ಉಣ್ಣೆಯದು ಘನ ಸೆಂ.ಮೀ.ಗೆ ಸುಮಾರು 1.3 ಗ್ರಾಂ, ಹತ್ತಿಯದು ಸುಮಾರು 1.5, ಅಕ್ರಿಲಿಕ್‌ನದು 1.2ರ ಆಸುಪಾಸು. ಹತ್ತಿ ಭಾರವಾದ್ದರಿಂದ ಅಷ್ಟೇ ತೂಕದಲ್ಲಿ ಅಷ್ಟೇ ಉದ್ದ ಬರಬೇಕಾದರೆ ನೂಲು ತೆಳ್ಳಗಿರಲೇಬೇಕು. ನನ್ನ ಉಣ್ಣೆಯಷ್ಟೇ ದಪ್ಪದ ಹತ್ತಿ ಬೇಕಿದ್ದರೆ 190 ಮೀಟರಿನ ಸುತ್ತ ಹುಡುಕಬೇಕಿತ್ತು. ಅಕ್ರಿಲಿಕ್ ಆದರೆ 240ರ ಸುತ್ತ. ಹುರಿ ಎಷ್ಟು ಬಿಗಿ, ಎಳೆಗಳ ನಡುವೆ ಗಾಳಿ ಎಷ್ಟು ಎಂಬುದರ ಮೇಲೆ ಇದೂ ಹೆಚ್ಚು ಕಡಿಮೆಯಾಗುತ್ತದೆ. ಅದಕ್ಕೇ ನೂಲನ್ನು ಅಳತೆಪಟ್ಟಿಗೆ ಎಳೆಯದೆ, ಒತ್ತದೆ ಸುತ್ತಿ, ಒಂದು ಅಂಗುಲದಲ್ಲಿ ಎಷ್ಟು ಸುತ್ತು ಕೂರುತ್ತದೆ ಎಂದು ಈಗ ತಪ್ಪದೆ ಎಣಿಸುತ್ತೇನೆ.

ತಕ್ಕಡಿಗೆ ತಿಳಿಯದ ಇನ್ನೊಂದು ಸಂಗತಿ ನೂಲಿನ ಸ್ವಭಾವ. ಉಣ್ಣೆ ಎಳೆದರೆ ಮರಳಿ ಕೂಡಿಕೊಳ್ಳುತ್ತದೆ. ಹತ್ತಿಗೂ ಬಿದಿರಿನ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನೂಲಿಗೂ ಆ ಗುಣವಿಲ್ಲ, ಸ್ವಂತ ಭಾರಕ್ಕೇ ಜೋತು ಬೀಳುತ್ತವೆ. ಬಿದಿರಿನ ನೂಲಿನಲ್ಲಿ 160 ಸೆಂ.ಮೀ. ಹೆಣೆದದ್ದು ಕೆಲವು ತಿಂಗಳು ಧರಿಸಿದ ಮೇಲೆ 178 ಆಗಿತ್ತು. ಈಗ ಅಂಥ ನೂಲಾದರೆ ಮಾದರಿ ತುಂಡನ್ನು ಬಟ್ಟೆಕ್ಲಿಪ್ ಹಾಕಿ ಎರಡು ದಿನ ನೇತುಹಾಕಿ, ಆಮೇಲೆ ಅಳೆದು, ಸ್ಕಾರ್ಫ್‌ನ ಉದ್ದವನ್ನು ಮೊದಲೇ ಕಡಿಮೆ ಮಾಡಿಕೊಳ್ಳುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಒಂದು ನಿಮಿಷ ಮುಟ್ಟದಿದ್ದರೆ ತಾನಾಗಿ ಆರಿಹೋಗುತ್ತದೆ, ಬಟ್ಟಲಿನ ತೂಕ ಕಳೆದು ಇಟ್ಟಿದ್ದ ಸೊನ್ನೆಯೂ ಅದರೊಂದಿಗೆ ಹೋಗುತ್ತದೆ. ಬಟ್ಟಲಿನ ತೂಕವನ್ನು ಅದರ ತಳದಲ್ಲೇ ಬರೆದಿಟ್ಟುಕೊಂಡಿದ್ದೇನೆ. ಫ್ಯಾನ್ ತಿರುಗುತ್ತಿದ್ದರೆ ಕೊನೆಯ ಅಂಕಿ ನಿಲ್ಲುವುದಿಲ್ಲ. ಬ್ಯಾಟರಿ ಇಳಿಯುತ್ತಾ ಬಂದಂತೆ ಎಚ್ಚರಿಕೆ ಕೊಡುವ ಮೊದಲೇ ತೂಕ ಅತ್ತಿತ್ತ ಓಡಾಡತೊಡಗುತ್ತದೆ. ಜೊತೆಗೆ ಬಂದ 100 ಗ್ರಾಂ ಬಟ್ಟನ್ನು ಆಗಾಗ ಇಟ್ಟು ನೋಡುವುದೇ ಉಪಾಯ.

ತೂಕ ತಪ್ಪಿದರೆ ತಕ್ಕಡಿಯನ್ನೇ ದೂರಬೇಡಿ. ಉಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಮುಟ್ಟಿದರೆ ಒದ್ದೆ ಎನಿಸದೆಯೇ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ನೀರನ್ನು ಹಿಡಿದಿಡಬಲ್ಲದು. ಮಳೆಯ ದಿನ ತೂಗಿದ ಉಂಡೆ ಒಣ ಹವೆಯಲ್ಲಿ ಹಗುರವಾಗಿರುತ್ತದೆ. ಮಾದರಿ ತುಂಡನ್ನೂ ಉಂಡೆಗಳನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ ತೂಗಿ. ಅಕ್ರಿಲಿಕ್‌ಗೆ ಈ ವಿನಾಯಿತಿ ಇಲ್ಲ, ಅದು ತೇವವನ್ನು ಹೀರುವುದು ತೀರಾ ಕಡಿಮೆ. 100 ಗ್ರಾಂ ಎಂದು ಬರೆದಿದ್ದ ಅಕ್ರಿಲಿಕ್ ಉಂಡೆಯೊಂದು 93.2 ತೂಗಿದಾಗ ಮಾರಿದವರಿಗೆ ಚಿತ್ರ ಕಳುಹಿಸಿ ಬದಲಿ ಪಡೆದೆ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಬರೆದ ವಿನ್ಯಾಸವನ್ನು ಹೇಳಿದ ನೂಲಿನಲ್ಲೇ ಹೆಣೆಯುವವರಿಗೆ ಇದು ಬೇಕಾಗುವುದಿಲ್ಲ. ಸ್ವಂತ ವಿನ್ಯಾಸ ಮಾಡುವವರಿಗೆ, ಅದರಲ್ಲೂ ಉಳಿದ ನೂಲನ್ನು ಪೂರ್ತಿ ಬಳಸಬೇಕೆನ್ನುವವರಿಗೆ, ನಿಸ್ಸಂಕೋಚವಾಗಿ ಹೇಳುತ್ತೇನೆ: ತೆಗೆದುಕೊಳ್ಳಿ.

ಈಗ ಒಂದು ತುದಿಯಿಂದ ಅಗಲವಾಗುತ್ತಾ ಹೋಗಿ ನಡುವಿನಿಂದ ಕಿರಿದಾಗುವ ತ್ರಿಕೋನ ಸ್ಕಾರ್ಫ್ ಕೈಯಲ್ಲಿದೆ. ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯ ನೂಲು ಒಟ್ಟು 126 ಗ್ರಾಂ ಇತ್ತು. ಅಂಚಿಗೆ 12 ಗ್ರಾಂ ಎತ್ತಿಟ್ಟರೆ ಉಳಿದ 114ರಲ್ಲಿ ಅರ್ಧ 57. ಉಂಡೆ 69 ಗ್ರಾಂಗೆ ಇಳಿಯುವಷ್ಟರಲ್ಲಿ ಕುಣಿಕೆ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಇಂದು ಬೆಳಿಗ್ಗೆ 71.4 ತೋರಿಸಿತು, ಸಾಲಿಗೆ 1.6 ಗ್ರಾಂ ಹಿಡಿಯುತ್ತಿದೆ. ಇನ್ನೊಂದು ಸಾಲು ಅಗಲಿಸಿ, ನಂತರ ಕುಣಿಕೆ ಕಡಿಮೆ ಮಾಡಲು ಆರಂಭಿಸುತ್ತೇನೆ.