ಹಿಮದಲ್ಲಿ ನಲವತ್ತು ದಿನ, ಉಳಿದದ್ದೆಲ್ಲ ಕಾರವಾರದಲ್ಲಿ: ಮೂವತ್ತು ಲೀಟರಿನ ಬ್ಯಾಗಿನೊಂದಿಗೆ ಏಳು ವರ್ಷ

ಏಳು ವರ್ಷಗಳಿಂದ ಚಾರಣಕ್ಕೆ ನಾನು ಹೊರುತ್ತಿರುವುದು ಒಂದೇ ಬ್ಯಾಗ್. ಮೂವತ್ತು ಲೀಟರ್ ಹಿಡಿಯುತ್ತದೆ, ಖಾಲಿ ಇದ್ದಾಗ ಒಂದೂಕಾಲು ಕಿಲೋ ತೂಗುತ್ತದೆ, ಬೂದು ಬಣ್ಣದ್ದು. ಅದನ್ನು ಹೊತ್ತು ಉತ್ತರಾಖಂಡದ ಕೇದಾರಕಂಠ ಶಿಖರ ಏರಿದ್ದೇನೆ, ಕಾಶ್ಮೀರದ ಗುಲ್ಮಾರ್ಗದಲ್ಲಿ ಸ್ಕೀ ಕಲಿತಿದ್ದೇನೆ, ಉತ್ತರಾಖಂಡದ ಔಲಿಯ ಇಳಿಜಾರಿನಲ್ಲಿ ಬಿದ್ದು ಎದ್ದಿದ್ದೇನೆ. ಆದರೂ ಎಲ್ಲ ಕೂಡಿಸಿದರೆ ಅದು ಹಿಮ ಕಂಡದ್ದು ನಲವತ್ತು ದಿನ. ಉಳಿದ ಕಾಲವೆಲ್ಲ ಅದು ಇದ್ದದ್ದು ಕೋಡಿಬಾಗದ ನನ್ನ ಬಾಡಿಗೆ ಮನೆಯ ಗೋಡೆಯ ಮೊಳೆಯಲ್ಲಿ, ಗೋಕರ್ಣದ ಕಡಲದಂಡೆಯಲ್ಲಿ, ಯಾಣದ ಕಾಡುದಾರಿಯಲ್ಲಿ, ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ. ಹಾಗಾಗಿ ಹಿಮಕ್ಕೆಂದು ಬ್ಯಾಗ್ ಕೊಳ್ಳುವ ನಮ್ಮ ಜಿಲ್ಲೆಯವರು ಮೊದಲು ಕೇಳಬೇಕಾದ ಪ್ರಶ್ನೆ, ಇದು ನಮ್ಮ ಮಳೆಗಾಲವನ್ನು ದಾಟುತ್ತದೆಯೇ ಎಂಬುದು.

ಈ ಪಾಠವನ್ನು ನನಗೆ ಕಲಿಸಿದ್ದು ಇದಕ್ಕೂ ಹಿಂದಿನ ಬ್ಯಾಗ್. ಅದೂ ಒಳ್ಳೆಯ ಬೆಲೆಯದ್ದೇ. ಒಂದು ಮೇ ತಿಂಗಳಲ್ಲಿ ತೊಳೆದು, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಕೆಳಗೆ ಇಟ್ಟಿದ್ದೆ. ಚೌತಿಯ ರಜೆಯಲ್ಲಿ ತೆಗೆದರೆ ಹುಳಿದ ಹಾಲಿನಂಥ ವಾಸನೆ. ರೇನ್‌ಕವರ್ ತನಗೆ ತಾನೇ ಅಂಟಿಕೊಂಡಿತ್ತು. ಬಿಡಿಸಲು ಎಳೆದರೆ ಪರ್ರೆಂದು ಸದ್ದು. ಬ್ಯಾಗಿನ ಒಳಗೆ ಕೈ ಹಾಕಿದಾಗ ಬೆರಳಿಗೆಲ್ಲ ಜಿಗುಟು, ಅದರ ಮೇಲೆ ಹಪ್ಪಳದ ಚೂರಿನಂಥ ಬಿಳಿ ಹೊಟ್ಟು. ಬಟ್ಟೆಯ ಒಳಮೈಗೆ ನೀರು ತಡೆಯಲೆಂದು ಬಳಿದ ಪಾಲಿಯುರಿಥೇನ್ ಲೇಪ ಕಳಚಿ ಬಂದಿತ್ತು. ಆ ಲೇಪಕ್ಕೆ ಗಾಳಿಯ ತೇವವೇ ಶತ್ರು. ಸೆಕೆ ಮತ್ತು ತೇವ ಒಟ್ಟಾಗಿ ಸಿಕ್ಕಿದರೆ ಅದು ಒಳಗಿಂದಲೇ ಒಡೆಯತೊಡಗುತ್ತದೆ. ಕಾರವಾರದ ಜೂನ್, ಜುಲೈ ತಿಂಗಳುಗಳಲ್ಲಿ ಇವೆರಡಕ್ಕೂ ಬರವಿಲ್ಲ. ಹಾಗೆ ಕಳಚಿದ್ದನ್ನು ಮತ್ತೆ ಸರಿಪಡಿಸುವುದೂ ಆಗುವುದಿಲ್ಲ. ಎರಡೇ ಸಲ ಹಿಮ ಕಂಡಿದ್ದ ಬ್ಯಾಗನ್ನು ಎಸೆಯುವಾಗ ನಿಜಕ್ಕೂ ಹೊಟ್ಟೆ ಉರಿದಿತ್ತು.

ಅದಕ್ಕೇ 2018ರಲ್ಲಿ ಈಗಿನ ಬ್ಯಾಗ್ ಕೊಳ್ಳುವಾಗ ಅಂಗಡಿಯಲ್ಲಿ ಒಂದು ತಾಸು ಕುಳಿತೆ. ಲೇಪವನ್ನೇ ನೆಚ್ಚಿಕೊಂಡ ತೆಳು ಬಟ್ಟೆಯನ್ನು ಬಿಟ್ಟು, ನೇಯ್ಗೆಯೇ ಗಟ್ಟಿಯಾಗಿದ್ದುದನ್ನು ಹುಡುಕಿದೆ. ಇದರ ಮೈ 210 ಡೆನಿಯರ್ ನೈಲಾನ್, ತಳ 420 ಡೆನಿಯರ್. ಡೆನಿಯರ್ ಎಂದರೆ ನೂಲಿನ ದಪ್ಪದ ಅಳತೆ: ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಬ್ಯಾಗನ್ನು ನೆಲಕ್ಕೆ ಕುಕ್ಕಿದಾಗಲೆಲ್ಲ ಪೆಟ್ಟು ತಿನ್ನುವುದು ತಳ. ಯಾಣದ ಕಲ್ಲು, ಸದಾಶಿವಗಡದ ಜಂಬಿಟ್ಟಿಗೆ, ರೈಲಿನ ಸೀಟಿನ ಕೆಳಗಿನ ನೆಲ, ಎಲ್ಲ ಕಂಡರೂ ಈ ತಳ ಇನ್ನೂ ತೂತಾಗಿಲ್ಲ.

ಕಡಲಿನ ಪಕ್ಕ ಇರುವವರು ಜಿಪ್ಪನ್ನೂ ಬಗ್ಗಿ ನೋಡಬೇಕು. ಹಲ್ಲು ಲೋಹದ್ದಾದರೆ ಉಪ್ಪುಗಾಳಿಗೆ ಒಂದೆರಡು ವರ್ಷದಲ್ಲಿ ಕಿಲುಬು ಕಟ್ಟುತ್ತದೆ. ಇದರದು ಸುರುಳಿ ಹಲ್ಲಿನ ನೈಲಾನ್ ಜಿಪ್. ಹಲ್ಲು ಇವತ್ತಿಗೂ ಚೆನ್ನಾಗಿದೆ, ಆದರೆ ಎಳೆಯುವ ತುಂಡು, ಅಂದರೆ ರನ್ನರ್, ಲೋಹದ್ದೇ. ನಾಲ್ಕನೆಯ ವರ್ಷ ಜಿಪ್ ಮುಚ್ಚಿದ ಹಿಂದೆಯೇ ಬಾಯಿ ಬಿಡತೊಡಗಿತು. ಇನ್ನು ಇದರ ಕಥೆ ಮುಗಿಯಿತು ಎಂದುಕೊಂಡು ಪೇಟೆಯ ಬ್ಯಾಗ್ ರಿಪೇರಿಯವರ ಬಳಿ ಒಯ್ದೆ. ಅವರು ಎರಡು ಸಲ ಹಿಂದೆ ಮುಂದೆ ಎಳೆದು ನೋಡಿ, "ಅಕ್ಕೋರೇ, ಜಿಪ್ ಹಾಳಾಗಿಲ್ಲ, ರನ್ನರ್ ಸವೆದಿದೆ ಅಷ್ಟೇ" ಎಂದರು. ಅರವತ್ತು ರೂಪಾಯಿಗೆ ಹೊಸ ರನ್ನರ್ ಹಾಕಿಕೊಟ್ಟರು. ಅಂದಿನಿಂದ ಕಡಲದಂಡೆಗೆ ಹೋಗಿ ಬಂದ ದಿನ ಜಿಪ್ಪಿಗೆ ಸಿಹಿನೀರು ಹೊಯ್ದು ಒರೆಸಿ, ಒಣಗಿದ ಮೇಲೆ ಹಲ್ಲಿನುದ್ದಕ್ಕೂ ಮೇಣದ ಬತ್ತಿ ಉಜ್ಜುತ್ತೇನೆ. ಎರಡನೆಯ ರನ್ನರಿಗೆ ಮೂರು ವರ್ಷವಾಯಿತು.

ಇನ್ನು ಹಿಮದ ಮಾತು. ಮೂವತ್ತು ಲೀಟರ್ ಏಕೆ ಎಂದು ಹಲವರು ಕೇಳಿದ್ದಾರೆ. ಘಟ್ಟದಲ್ಲಿ ಒಂದು ದಿನದ ಚಾರಣಕ್ಕೆ ಇಪ್ಪತ್ತು ಧಾರಾಳ. ಆದರೆ ಚಳಿಯಲ್ಲಿ ಸಾಮಾನು ಭಾರಕ್ಕಿಂತ ಹೆಚ್ಚಾಗಿ ಗಾತ್ರದಲ್ಲಿ ಬೆಳೆಯುತ್ತದೆ. ನಿಂತ ಕೂಡಲೇ ಹಾಕಿಕೊಳ್ಳಲು ಗರಿ ತುಂಬಿದ ಜಾಕೆಟ್, ಒದ್ದೆಯಾದರೆ ಬೇಕೆಂದು ಎರಡನೆಯ ಜೊತೆ ಕೈಗವಸು, ಥರ್ಮಾಸ್, ಹೆಡ್‌ಲ್ಯಾಂಪ್, ಬೂಟಿಗೆ ಹಾಕುವ ಮುಳ್ಳುಪಟ್ಟಿ, ಊಟ. ಜಾಕೆಟನ್ನು ಒತ್ತಿ ತುರುಕಿದರೆ ಹೊರತೆಗೆಯುವಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಮೇಲ್ಗಡೆ ಸಡಿಲವಾಗಿ ಕೂರುವಷ್ಟು ಜಾಗ ಬೇಕೇ ಬೇಕು. ನಲವತ್ತು ಲೀಟರಿನದನ್ನು ಗೆಳತಿಯೊಬ್ಬಳು ತಂದಿದ್ದಳು. ಜಾಗವಿದೆ ಎಂದು ತುಂಬುತ್ತಾ ಹೋಗಿ ಮೂರನೆಯ ದಿನ ಅದನ್ನು ಹೇಸರಗತ್ತೆಯ ಮೇಲೆ ಹೇರಿಸಿದಳು.

ಕೇದಾರಕಂಠದ ತುದಿ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನ ಬೆಳಗಿನ ಜಾವ ಮೂರಕ್ಕೆ ಹೊರಟೆವು. ದಪ್ಪ ಕೈಗವಸು ತೊಟ್ಟ ಮೇಲೆ ಬೆರಳುಗಳು ಬೆರಳುಗಳಾಗಿ ಉಳಿಯುವುದಿಲ್ಲ. ಚಿಕ್ಕ ಬಕಲ್ ಒತ್ತಲಾಗದೆ ಕೈಗವಸು ಬಿಚ್ಚಿದರೆ ಅರ್ಧ ನಿಮಿಷದಲ್ಲಿ ಬೆರಳು ಜೋಮು ಹಿಡಿಯುತ್ತದೆ. ಈ ಬ್ಯಾಗಿನ ಸೊಂಟದ ಬಕಲ್ ದೊಡ್ಡದು, ಅದು ಕೈಕೊಡಲಿಲ್ಲ. ಜಿಪ್ಪುಗಳಿಗೆ ಮಾತ್ರ ಎಳೆಯಲು ದಾರ ಇರಲಿಲ್ಲ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಬೂಟಿನ ಲೇಸ್ ಕೊಂಡು, ತುಂಡರಿಸಿ, ಪ್ರತಿ ಜಿಪ್ಪಿಗೂ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಕಟ್ಟಿದೆ. ಅವು ಇಂದಿಗೂ ಅಲ್ಲೇ ಇವೆ. ನೀರಿನ ಕೊಳವೆಯಿರುವ ಚೀಲವನ್ನು ಚಳಿಗೆ ಒಯ್ಯಲೇಬೇಡಿ. ಕೊಳವೆಯೊಳಗಿನ ನೀರೇ ಮೊದಲು ಹೆಪ್ಪುಗಟ್ಟುತ್ತದೆ, ಚೀಲ ತುಂಬ ನೀರಿದ್ದರೂ ಒಂದು ಗುಟುಕು ಸಿಕ್ಕುವುದಿಲ್ಲ. ನಾನು ಅಗಲ ಬಾಯಿಯ ಬಾಟಲಿಯನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ತಲೆಕೆಳಗಾಗಿ ಇಡುತ್ತೇನೆ. ಮಂಜುಗಡ್ಡೆ ಕಟ್ಟುವುದು ಮೇಲಿನಿಂದ. ತಿರುವಿಟ್ಟರೆ ಬಾಯಿ ಕಟ್ಟಿಕೊಳ್ಳುವುದಿಲ್ಲ. ಪಕ್ಕದ ಜೇಬು ಆಳವಾಗಿಲ್ಲದ ಬ್ಯಾಗಿನಲ್ಲಿ ಇದು ಸಾಧ್ಯವಿಲ್ಲ, ಹಾಗಾಗಿ ಕೊಳ್ಳುವಾಗ ಬಾಟಲಿಯನ್ನೂ ಅಂಗಡಿಗೆ ಒಯ್ಯಿರಿ.

ಬೆನ್ನಿಗೆ ತಾಗುವ ಭಾಗದಲ್ಲಿ ನಮ್ಮೂರಿಗೂ ಹಿಮಕ್ಕೂ ಹೊಂದುವುದಿಲ್ಲ. ಬೆನ್ನಿನಿಂದ ದೂರ ನಿಲ್ಲುವ ಬಲೆಯ ಬ್ಯಾಗುಗಳಲ್ಲಿ ಗಾಳಿಯಾಡುತ್ತದೆ, ಗೋಕರ್ಣದ ಕುಡ್ಲೆ ಬೀಚಿನಿಂದ ಪ್ಯಾರಡೈಸ್ ಬೀಚಿನವರೆಗೆ ಮಾರ್ಚ್ ಬಿಸಿಲಿನಲ್ಲಿ ನಡೆಯುವವರಿಗೆ ಅವು ದೊಡ್ಡ ಉಪಕಾರ. ಆದರೆ ಹಿಮದಲ್ಲಿ ಬಿದ್ದಾಗ ಆ ಸಂದಿಗೆ ಹಿಮ ತುಂಬಿ ಕರಗಿ ಬೆನ್ನೆಲ್ಲ ಒದ್ದೆಯಾಗುತ್ತದೆ. ಸ್ಕೀಯಲ್ಲಿ ತಿರುಗುವಾಗ ಭಾರ ಹಿಂದಕ್ಕೆ ಜಗ್ಗುತ್ತದೆ. ನನ್ನದು ಚಪ್ಪಟೆ ಫೋಮಿನದು. ಹಿಮವನ್ನು ಕೈಯಲ್ಲಿ ಕೊಡವಿದರೆ ಉದುರುತ್ತದೆ. ಗೋಕರ್ಣದಲ್ಲಿ ಅಂಗಿ ಹಿಂಡುವಂತಾಗುವುದನ್ನು ಒಪ್ಪಿಕೊಂಡೇ ಇದನ್ನು ಆರಿಸಿದ್ದು, ಆ ಆಯ್ಕೆಯ ಬಗ್ಗೆ ನನಗೆ ಬೇಸರವಿಲ್ಲ. ಇನ್ನೊಂದು ಲಾಭ ಆಮೇಲೆ ತಿಳಿಯಿತು: ಮಳೆಗಾಲದಲ್ಲಿ ಉಂಚಳ್ಳಿ ಜಲಪಾತದ ಕಡೆ ಹೋದಾಗ ಬಲೆಯ ಮಡಿಕೆಯಲ್ಲಿ ಉಂಬಳ ಅವಿತು ಮನೆತನಕ ಬರುತ್ತವೆ, ಚಪ್ಪಟೆ ಬೆನ್ನಿನಲ್ಲಿ ಅವಕ್ಕೆ ಅಡಗಲು ಎಡೆಯಿಲ್ಲ.

ಗಿಡ್ಡ ಬೆನ್ನಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಂದು ಮಾತು. ನಿಮ್ಮ ಎತ್ತರ ಇಲ್ಲಿ ಲೆಕ್ಕಕ್ಕಿಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪಿನಲ್ಲಿ ಅಳೆಯಿರಿ. ನನ್ನದು 41 ಸೆಂಟಿಮೀಟರ್. ಅಂಗಡಿಯಲ್ಲಿ ಐದಾರು ಕಿಲೋ ತುಂಬಿಸಿ, ಸೊಂಟದ ಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಭುಜಪಟ್ಟಿ ಎಳೆಯಿರಿ. ಪಟ್ಟಿ ಹೊಟ್ಟೆಯ ಮೇಲೆ ಕೂತರೆ ಅದು ನಿಮ್ಮ ಬ್ಯಾಗ್ ಅಲ್ಲ, ಬಣ್ಣ ಎಷ್ಟೇ ಚೆಂದವಿರಲಿ.

ಸ್ಕೀಗೆ ಇದು ಅರ್ಧ ಬ್ಯಾಗ್ ಮಾತ್ರ. ಎರಡೂ ಬದಿಯ ಬಿಗಿಪಟ್ಟಿಗಳಲ್ಲಿ ಒಂದೊಂದು ಸ್ಕೀ ತೂರಿಸಿ ಮೇಲ್ಗಡೆ ಕಟ್ಟಿದರೆ ಹೊರಬಹುದು. ಆದರೆ ಸ್ಕೀಯ ಉಕ್ಕಿನ ಅಂಚು ಪಟ್ಟಿಯನ್ನು ಗರಗಸದಂತೆ ತಿನ್ನುತ್ತದೆ. ಎಡಗಡೆಯ ಕೆಳಪಟ್ಟಿ ಗುಲ್ಮಾರ್ಗದಲ್ಲೇ ಅರ್ಧ ಹರಿಯಿತು. ಕುರ್ಚಿಲಿಫ್ಟ್ ಹತ್ತುವ ಮುನ್ನ ಸೊಂಟದ ಪಟ್ಟಿ, ಎದೆಪಟ್ಟಿ ಬಿಚ್ಚಿ ಬ್ಯಾಗನ್ನು ಮಡಿಲಿಗೆ ತೆಗೆದುಕೊಳ್ಳಬೇಕು. ನೇತಾಡುವ ಪಟ್ಟಿ ಕುರ್ಚಿಗೆ ಸಿಕ್ಕಿಕೊಂಡರೆ ಇಳಿಯುವಲ್ಲಿ ಮೈಮೇಲೆ ಬರುತ್ತದೆ. ಉದ್ದ ಪಟ್ಟಿಗಳ ತುದಿಯನ್ನು ಸುತ್ತಿ ಹೊಲಿಸಿದ್ದೇನೆ. ಸಿದ್ಧಪಡಿಸಿದ ಇಳಿಜಾರು ಬಿಟ್ಟು ಗುಲ್ಮಾರ್ಗದ ಮೇಲಿನ ಅಫರ್ವತ್ ಪರ್ವತದಂಥ ಕಡೆ ಹೋಗುವವರಿಗೆ ಇದು ಸಾಲದು. ಹಿಮಕುಸಿತದಲ್ಲಿ ಹೂತವರನ್ನು ಹುಡುಕಿ ತೆಗೆಯುವ ಸಲಿಕೆ ಮತ್ತು ಉದ್ದ ಕೋಲಿಗೆ ಪ್ರತ್ಯೇಕ ಅರೆ ಇರಬೇಕು, ಕಣ್ಣು ಮುಚ್ಚಿ ಎಳೆದರೂ ಕೈಗೆ ಬರಬೇಕು. ನನ್ನದರಲ್ಲಿ ಆ ಅರೆ ಇಲ್ಲ, ಆದ್ದರಿಂದ ನಾನು ಅಂಥ ಕಡೆ ಹೋಗುವುದಿಲ್ಲ.

ಮುರಿದದ್ದೂ ಇದೆ. ಮೈನಸ್ ಎಂಟರ ಒಂದು ಬೆಳಿಗ್ಗೆ ಎದೆಪಟ್ಟಿಯ ಬಕಲ್ ಬೂಟಿನಡಿ ಸಿಕ್ಕಿ ಬಿಸ್ಕತ್ತಿನಂತೆ ಚೂರಾಯಿತು. ಬದಲಿಗಾಗಿ ತಯಾರಕರಿಗೆ ಮೂರು ಸಲ ಬರೆದರೂ ಉತ್ತರ ಬರಲಿಲ್ಲ. ಏಳು ವರ್ಷ ಬಾಳಿದ ವಸ್ತುವಿಗೆ ಹತ್ತು ರೂಪಾಯಿಯ ಬಕಲ್ ಕೊಡದಿರುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ಬಂದ ರೇನ್‌ಕವರ್ ಹಿಮಕ್ಕೆ ಸಾಕು, ದೇವಿಮನೆ ಘಟ್ಟದ ಮಳೆಗೆ ಸಾಲದು. ನೀರು ಬೆನ್ನಿನ ಕಡೆಯಿಂದ ಇಳಿದು ಕವರಿನ ತಳದಲ್ಲೇ ಕೆರೆಯಾಗುತ್ತದೆ. ಸಕ್ಕರೆ ಮೂಟೆಯ ಒಳಗಿನ ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಹಾಸಿ ಅದರಲ್ಲಿ ಸಾಮಾನು ತುಂಬುತ್ತೇನೆ. ಅದರಷ್ಟು ನೆಚ್ಚಬಹುದಾದದ್ದು ಬೇರೆ ಕಂಡಿಲ್ಲ.

ಮಳೆಗಾಲದಲ್ಲಿ ಈ ಬ್ಯಾಗ್ ಕಾರವಾರದಲ್ಲಿ ಇರುವುದೇ ಇಲ್ಲ. ಮೇ ಕೊನೆಗೆ ಊರಿಗೆ ಒಯ್ಯುತ್ತೇನೆ. ಆಯಿ ಅದನ್ನು ಬಚ್ಚಲ ಒಲೆಯ ಪಕ್ಕದ ಕೋಣೆಯ ಅಟ್ಟದಲ್ಲಿ, ಹಪ್ಪಳದ ಡಬ್ಬಿಗಳ ಬಳಿ, ಜಿಪ್ಪೆಲ್ಲ ತೆರೆದು ತೂಗುಹಾಕುತ್ತಾಳೆ. ದಿನಾ ಒಲೆ ಉರಿಯುವುದರಿಂದ ಅಲ್ಲಿ ತೇವ ನಿಲ್ಲುವುದಿಲ್ಲ. ಮಡಚುವುದಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದಿಲ್ಲ. ಏಳು ಮಳೆಗಾಲ ಕಳೆದರೂ ಒಳಮೈಯಲ್ಲಿ ಬೂಷ್ಟು ಹಿಡಿದಿಲ್ಲ, ಲೇಪ ಬಿಟ್ಟಿಲ್ಲ. ದಸರೆಯಲ್ಲಿ ಇಳಿಸಿದಾಗ ಸೌದೆ ಹೊಗೆಯ ಸಣ್ಣ ವಾಸನೆ ಇರುತ್ತದೆ, ಗುಲ್ಮಾರ್ಗದ ಚಳಿಯಲ್ಲಿ ಬ್ಯಾಗಿನ ಬಾಯಿ ತೆರೆದಾಗಲೂ ಅದೇ ವಾಸನೆ ಬಂದಿತ್ತು.

ಅಂದು ನಾಲ್ಕು ಸಾವಿರದ ಐನೂರು ಕೊಟ್ಟಿದ್ದೆ. ಇವತ್ತು ಕಳೆದುಹೋದರೆ ಇದೇ ಮಾದರಿಯನ್ನೇ ಹುಡುಕುತ್ತೇನೆ, ಆದರೆ ಹೊರಡುವ ಮೊದಲೇ ಪೇಟೆಯಲ್ಲಿ ಎರಡು ಹೆಚ್ಚುವರಿ ಬಕಲ್ ಕೊಂಡು ಮೇಲಿನ ಜೇಬಿಗೆ ಹಾಕಿಕೊಳ್ಳುತ್ತೇನೆ.